ಬಾಣಂತಿಯ ಕೋಳಿ

ಕುಂಬ್ರದ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯ ಸಾರಿಗೆ ಕೋಳಿ ಚೆನ್ನುವಿನ ಗೂಡಿನಿಂದಲೇ ಹೋಗಬೇಕು. ಅವಳು ಮಡಕೆಗೆ ಸೆಗಣಿ, ಒಣಹುಲ್ಲು ತುಂಬಿ ಹುತ್ತದ ಮೇಲೆ ಕವುಚಿಡುತ್ತಿದ್ದಳು. ಬೆಳಗಾಗುವಾಗ ಅದರಲ್ಲಿ ತುಂಬಿದ ಗೆದ್ದಲನ್ನು ಕೋಳಿಗಳ ಮುಂದೆ ಕೊಡವುತ್ತಿದ್ದಳು. ಜೊತೆಗೆ ನುಚ್ಚು, ಬೇಯಿಸಿ ಜಜ್ಜಿದ ಹಲಸಿನ ಬೀಜ. ಉಳಿದದ್ದನ್ನು ಅವು ಗುಡ್ಡದಲ್ಲಿ ಕೆದರಿ ತಿನ್ನುತ್ತಿದ್ದವು. ಮಾಂಸ ಗಟ್ಟಿ, ಕೊಬ್ಬು ಕಡಿಮೆ.

ಇದೆಲ್ಲ ಶುರುವಾದದ್ದು ಅವಳದೇ ಬಸಿರಿನಿಂದ. ಎಪ್ಪತ್ತೆರಡನೇ ಇಸವಿಯಲ್ಲಿ, ಮದುವೆಯಾಗಿ ಬಹಳ ಕಾಲದ ಮೇಲೆ, ಬಸುರಿಯಾದಳು. ತಾಯಿ ಇಲ್ಲದವಳು; ತನ್ನ ಬಾಣಂತನದ ಕೋಳಿಗಳನ್ನು ತಾನೇ ಸಾಕತೊಡಗಿದಳು. ಮಗು ಉಸಿರಿಲ್ಲದೆ ಹುಟ್ಟಿತು. ಗಂಡ ಮಹಾಬಲ ಕೋಳಿಗಳನ್ನು ಮಾರಿಬಿಡುವ ಎಂದಾಗ ಬೇಡವೆಂದಳು. ಹೆರಿಗೆಯಾದ ಮನೆಗಳಿಗೆ ಒಂದೊಂದಾಗಿ ಕೊಟ್ಟು ಬಂದಳು, ಮತ್ತೆ ಮರಿ ಮಾಡಿಸಿದಳು.

ಕೋಳಿ ಕೊಡಲು ಹೋದವಳು ತೊಟ್ಟಿಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಎತ್ತಿಕೊಳ್ಳಲೇ ಎಂದು ಕೇಳಿದವಳಲ್ಲ. ಮಗು ಕಳಕೊಂಡವಳ ಕೈಗೆ ಯಾರೂ ತಾವಾಗಿ ಮಗುವನ್ನು ಕೊಟ್ಟದ್ದೂ ಇಲ್ಲ.

ಇಸವಿ ಎಂಬತ್ತು ದಾಟುವಾಗ ಗುಡ್ಡಕ್ಕೆ ರಬ್ಬರ್ ತೋಟ ಬಂತು. ಹುತ್ತಗಳು ನೆಲಸಮವಾದವು, ಕೋಳಿ ಬಿಡಲು ಜಾಗವಿಲ್ಲದಾಯಿತು. ಮಹಾಬಲ ಪುತ್ತೂರಿನಿಂದ ಫಾರಂ ಕೋಳಿಯ ಆಹಾರದ ಚೀಲ ತಂದ. ಗೂಡಿನಲ್ಲೇ ತಿಂದ ಕೋಳಿಗಳು ಬೇಗ ತೂಕ ಬಂದವು. ಚೆನ್ನುವಿಗೂ ಖುಷಿಯಾಯಿತು.

ಆಗಲೇ ನೆರೆಮನೆಯ ಹವ್ವಮ್ಮನ ಮಗಳು ಝೈನಬ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಚಿಕ್ಕವಳಿದ್ದಾಗ ಚೆನ್ನುವಿನ ಸೊಂಟ ಬಿಟ್ಟು ಇಳಿಯದ ಹುಡುಗಿ. ಹೆರಿಗೆಯಾದ ಮೇಲೆ ಅವಳಿಗೆಂದು ಚೆನ್ನು ಎಲ್ಲಕ್ಕಿಂತ ದಪ್ಪದ ಕೋಳಿಯನ್ನೇ ಕೊಟ್ಟಳು. ಸಾರಿನ ಮೇಲೆ ಎಣ್ಣೆ ಬೆರಳು ದಪ್ಪಕ್ಕೆ ತೇಲುತ್ತಿತ್ತು. ಝೈನಬ ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಸರಿಸಿದಳು.

"ಒಣಮೀನಿನ ವಾಸನೆ ಉಂಟು ಚೆನ್ನಕ್ಕ," ಎಂದಳು ಮೆಲ್ಲಗೆ.

ಚೆನ್ನು ಮರುದಿನವೇ ಪುತ್ತೂರಿನ ದನದ ಡಾಕ್ಟರಲ್ಲಿಗೆ ಹೋದಳು. ಅವರು ಬೇಸರಿಸದೆ ವಿವರಿಸಿದರು: ಕೋಳಿ ತಿಂದದ್ದೇ ಅದರ ಮಾಂಸವಾಗುದು. ಚೀಲದಲ್ಲಿ ಮೀನಿನ ಪುಡಿ ಹೆಚ್ಚಾದರೆ ವಾಸನೆ ಹಿಡೀತದೆ. ಓಡಾಡದೆ ಕಾಳೇ ತಿಂದರೆ ಕೊಬ್ಬು ಕೂಡ್ತದೆ. ಕೊಯ್ಯುವುದಕ್ಕೆ ಕೆಲವು ವಾರ ಮೊದಲು ಚೀಲದ ಆಹಾರ ನಿಲ್ಲಿಸಿ ಕೋಳಿಯನ್ನು ಹೊರಗೆ ಮೇಯಿಸಿ ಎಂದರು.

ಚೆನ್ನು ಒಂದು ಹೇಂಟೆ ಕೋಳಿಯನ್ನು ಬೇರೆ ಮಾಡಿದಳು. ಗೆದ್ದಲಿಗಾಗಿ ಹೊಳೆಯಾಚೆಯ ಪಾಳುಜಾಗದವರೆಗೆ ಮಡಕೆ ಹೊತ್ತಳು. ಅಂಗಳದಲ್ಲಿ ಕೋಲು ಹಿಡಿದು ಕೂತು ಅದನ್ನು ಮೇಯಿಸಿದಳು. ಅವಳಿಗೆ ಹುಚ್ಚು ಎಂದು ಮಹಾಬಲ ನಕ್ಕ. ಆದರೂ ಹಲಸಿನ ಬೀಜ ಜಜ್ಜಿ ಕೊಟ್ಟವನು ಅವನೇ.

ಬಾಣಂತನದ ನಲವತ್ತು ದಿನ ಕಳೆಯುವ ಮೊದಲು ಕೋಳಿ ಹವ್ವಮ್ಮನ ಮನೆ ಸೇರಿತು. ಮಧ್ಯಾಹ್ನ ಅಲ್ಲಿಂದ ಚೆನ್ನುವಿಗೆ ಕರೆ ಬಂತು. ಝೈನಬ ಊಟ ಮಾಡಿದಳು, ಎಲುಬನ್ನೂ ಬಿಡದೆ ಚೀಪಿದಳು. ಅಷ್ಟರಲ್ಲಿ ತೊಟ್ಟಿಲಿನ ಮಗು ಅಳತೊಡಗಿತು.

"ನನ್ನ ಕೈ ಎಂಜಲು. ನೀವು ಎತ್ತಿಕೊಳ್ಳಿ ಚೆನ್ನಕ್ಕ," ಎಂದಳು.

ಚೆನ್ನು ಹವ್ವಮ್ಮನ ಮುಖ ನೋಡಿದಳು. ಹವ್ವಮ್ಮ ಹೂಂ ಎಂದು ತಲೆಯಾಡಿಸಿದಳು. ಚೆನ್ನುವಿನ ಎದೆಗೆ ಒರಗಿದ ಕೂಡಲೇ ಮಗು ಅಳು ನಿಲ್ಲಿಸಿ ಅವಳ ಕುಪ್ಪಸದಲ್ಲಿ ಬಾಯಿಯಿಂದ ಹಾಲು ಹುಡುಕಿತು. ಅಲ್ಲಿ ಎಂತದೂ ಇಲ್ಲವಲ್ಲ ಮಗಾ ಎಂದು ಅವಳು ಪಿಸುಗುಟ್ಟಿದ್ದು ಯಾರಿಗೂ ಕೇಳಲಿಲ್ಲ.

ಮನೆಗೆ ಬಂದಾಗ ಸಾರು ಹಿಡಿಸಿತಾ ಎಂದು ಮಹಾಬಲ ಕೇಳಿದ. ಹಿಡಿಸಿತು ಎಂದಳು. ಸೀರೆಯಲ್ಲಿ ಮಗುವಿನ ಎಣ್ಣೆಯ ವಾಸನೆ ಇತ್ತು. ಸಂಜೆ ಕಳೆದರೂ ಅದನ್ನು ಬದಲಿಸಲಿಲ್ಲ.