ಗುರುತು ಹಾಕಿದ ಮೇಲೆ ಸೂಜಿ

"ಸೂಜಿ ಬ್ಯಾಡ್ರಿ! ನೋವು ಹೋದ್ರ ಎಲ್ಲಿ ಐತಿ ಅಂತ ಹೆಂಗ ತೋರಿಸಲಿ?"

ಬಳ್ಳಾರಿಯ ಆಸ್ಪತ್ರೆಯಲ್ಲಿ ಹೊಟ್ಟೆ ಹಿಡಿದು ಹೊರಳಾಡುತ್ತಿದ್ದ ನನ್ನ ಗಂಡ ಕೂಗಿದರು. ಗಣಿ ಭರಾಟೆಯ ದಿನಗಳವು. ಕೌಲ್ ಬಜಾರಿನಲ್ಲಿ ಅದಿರು ಲಾರಿಗಳಿಗೆ ಪಂಕ್ಚರ್ ಹಾಕುವ ಇವರು, ತೂತಿಗೆ ಗುರುತು ಹಾಕದೆ ಟ್ಯೂಬಿನ ಗಾಳಿ ಬಿಡುವವರಲ್ಲ.

ಡಾಕ್ಟರಮ್ಮ ನಗಲಿಲ್ಲ, ತಮ್ಮ ಪೆನ್ನು ಕೊಟ್ಟರು. "ಗುರುತು ಹಾಕ್ರಿ ಭಾಯ್. ನೋವು ಇಳಿದ್ರೂ ರೋಗ ಎಲ್ಲೂ ಓಡಿ ಹೋಗಂಗಿಲ್ಲ. ಹೊಟ್ಟಿ ಸಡ್ಲಾದ್ರ ನನಗೂ ನೋಡಾಕ ಸಲೀಸು."

ನೋವಿದ್ದ ಕಡೆ ಸುತ್ತು ಎಳೆದು ಇವರು ಸೂಜಿಗೆ ತೋಳು ಚಾಚಿದರು. ನೋವು ತಗ್ಗಿದ ಮೇಲೆ ಡಾಕ್ಟರಮ್ಮ ಸಮಾಧಾನವಾಗಿ ಒತ್ತಿ ನೋಡಿದರು. ಅಪೆಂಡಿಕ್ಸ್. ಅಂದೇ ಆಪರೇಷನ್ ಆಯಿತು.

ಹೊಲಿಗೆ ತಮ್ಮ ಗುರುತಿನ ಮೇಲೇ ಬಿದ್ದಿದೆ ಎಂದು ಇವರು ಇಂದಿಗೂ ಡ್ರೈವರುಗಳಿಗೆ ಅಂಗಿ ಎತ್ತಿ ತೋರಿಸುತ್ತಾರೆ. ಅದು ಇವರ ಹೆಮ್ಮೆ. ಆ ಡಾಕ್ಟರಮ್ಮ ನನ್ನ ತವರು ಕುರುಗೋಡಿನವರು. ಇದು ನನ್ನದು.