ಜಲಜಕ್ಕನಿಗೊಬ್ಬ ಎದುರಾಳಿ ಬೇಕು

ದೇರೆಬೈಲಿನ ಮಹಿಳಾ ಉತ್ಪಾದಕರ ಸಂಘ ಹುಟ್ಟಿದಾಗಿನಿಂದಲೂ ಅದರ ಅಧ್ಯಕ್ಷೆ ಜಲಜಾಕ್ಷಿ ಶೆಟ್ಟಿಯವರೇ. ಸಂಘದ ಹೆಂಗಸರು ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ, ಒಣ ಸಿಗಡಿ ಚಟ್ನಿ ಮಾಡಿ ಮಾರುತ್ತಾರೆ. ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತದೆ. ಒಬ್ಬರು ಎದ್ದು ಜಲಜಾಕ್ಷಿಯವರ ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಷ್ಟು ಹೊತ್ತಿಗೆ ಹಿಂದಿನ ಕೋಣೆಯಿಂದ ಗೋಳಿಬಜೆಯ ಪರಿಮಳ ಬಂದಿರುತ್ತದೆ. ಅವಿರೋಧ ಆಯ್ಕೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ಬೆರಳಗಲದ ಸುದ್ದಿ. ನಮ್ಮೂರಿನ ಸಂಘಗಳಲ್ಲಿ ಇದೇ ಮರ್ಯಾದೆಯ ದಾರಿ. ಎಲ್ಲಾದರೂ ಓಟು ಹಾಕಿ ಆರಿಸಿದರು ಎಂದು ಕೇಳಿದರೆ, ಅಲ್ಲಿ ಏನೋ ಜಗಳ ನಡೆದಿದೆ ಎಂದೇ ಜನ ತಿಳಿಯುತ್ತಾರೆ.

ಜಲಜಕ್ಕ ಎತ್ತರದ ಹೆಂಗಸು. ಬಜಪೆಯ ಆಚೆ ಗದ್ದೆಗಳಿದ್ದ ಮನೆಯಲ್ಲಿ ಹುಟ್ಟಿದವರು, ಹೋಟೆಲಿನ ಮನೆಗೆ ಮದುವೆಯಾಗಿ ಬಂದವರು. ಕೊಡೆಯನ್ನು ಬಿಸಿಲಿಗಾಗಲಿ ಮಳೆಗಾಗಲಿ ಬಿಡಿಸಿದ್ದಕ್ಕಿಂತ ಯಾವ ಕೆಲಸ ಎಲ್ಲಿ ಆಗಬೇಕೆಂದು ತೋರಿಸಲು ಬಳಸಿದ್ದೇ ಹೆಚ್ಚು. ಆದರೆ ಸಂಘದವರಿಗೆ ಅವರ ಮೇಲೆ ಪ್ರೀತಿಯೂ ಇತ್ತು. ಯಾರ ಮನೆಯಲ್ಲಿ ಕಾಯಿಲೆಯಾದರೂ ಆ ಕೊಡೆ ಮೊದಲು ಗೇಟಿನಲ್ಲಿ ಕಾಣುತ್ತಿತ್ತು.

ಇಂಥವರನ್ನು ಹುಡುಕಿಕೊಂಡು ಶೆರ್ವಿನ್ ಎಂಬ ಯುವಕ ಬಂದ. ಅತ್ತಾವರದಲ್ಲಿ, ಆಸ್ಪತ್ರೆಯೊಂದರ ಹಿಂದಿನ ಗಲ್ಲಿಯಲ್ಲಿ, ‘ಕೈಜೋಡು’ ಎಂಬ ಟ್ರಸ್ಟಿನ ಎರಡು ಕೋಣೆಯ ಕಚೇರಿಯಿದೆ. ದೂರದ ದೇಶಗಳಲ್ಲಿ ಹೆಂಗಸರ ಸಣ್ಣ ಸಂಘಗಳಿಗೆ ವ್ಯಾಪಾರ ಕಲಿಸುವುದು, ತಮ್ಮ ಮುಖಂಡರನ್ನು ತಾವೇ ಆರಿಸಿಕೊಳ್ಳುವ ಅಭ್ಯಾಸ ಮಾಡಿಸುವುದು ಅದರ ಕೆಲಸ. ಶೆರ್ವಿನ್ ಅಲ್ಲಿಯ ಸಂಯೋಜಕ.

“ಆಂಟಿ, ಆಫ್ರಿಕಾದಲ್ಲಿ ಮಲಾವಿ ಅಂತ ದೇಶ ಉಂಟು. ಅಲ್ಲಿ ದೊಡ್ಡ ಸರೋವರದ ಬದಿಯಲ್ಲಿ ಮೀನು ಒಣಗಿಸುವ ಹೆಂಗಸರು ಹೊಸದಾಗಿ ಸಂಘ ಕಟ್ಟಿದ್ದಾರೆ. ಸಂಘ ನಡೆಸಿ ಗೊತ್ತಿರುವವರು ಒಂದು ತಿಂಗಳು ಹೋಗಿ ಅವರೊಟ್ಟಿಗೆ ಇರ್ಬೇಕು. ಪ್ರಜಾಪ್ರಭುತ್ವ ಅಂದ್ರೆ ರಾಜಧಾನಿಯಲ್ಲಿ ಮಾತ್ರ ಇದ್ರೆ ಸಾಕಾಗುದಿಲ್ಲ, ಮೀನಿನ ಬುಟ್ಟಿಯ ಹತ್ರವೂ ಬೇಕು,” ಎಂದ.

“ಮೀನು ಉಂಟಲ್ವಾ? ಹಾಗಾದ್ರೆ ಹೋಗ್ತೇನೆ,” ಎಂದರು ಜಲಜಕ್ಕ.

ಅವರ ಗಂಡ ಮೋಹನದಾಸರು ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಈ ಸುದ್ದಿ ಹೇಳಿದರು. “ಇಲ್ಲಿ ಯಾರ ಮಾತೂ ಕೇಳದವಳು ಅಲ್ಲಿ ಹೋಗಿ ಪ್ರಜಾಪ್ರಭುತ್ವ ಕಲಿಸ್ತಾಳಂತೆ ಮಾರಾಯ್ರೆ!”

ಜಲಜಕ್ಕ ಹೋದರು. ಸರೋವರವನ್ನು ನೋಡಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಸಮುದ್ರವೇ. ಉಪ್ಪು ಹಾಕ್ಲಿಕ್ಕೆ ಮಾತ್ರ ಮರೆತಿದ್ದಾರೆ.” ಅಲ್ಲಿನ ಹೆಂಗಸರು ಸಣ್ಣ ಮೀನುಗಳನ್ನು ಮರಳಿನ ಮೇಲೆಯೇ ಹರಡುತ್ತಿದ್ದರು. ಜಲಜಕ್ಕ ಕೊಡೆ ತೋರಿಸಿ ತೋರಿಸಿ, ಸೊಂಟದೆತ್ತರಕ್ಕೆ ಬಲೆಯ ಚಪ್ಪರ ಕಟ್ಟಿಸಿದರು. ಬಗ್ಗಬೇಕಾಗಿಲ್ಲ, ಮೀನಿಗೆ ಮರಳೂ ಹತ್ತುವುದಿಲ್ಲ. ಬೆಳಗಿನ ಹೊತ್ತಿಗೆ ಆ ಚಪ್ಪರಗಳ ಮೇಲೆ ಬೆಳ್ಳಿಯ ಹಾಸು ಬಿದ್ದಂತೆ ಕಾಣುತ್ತಿತ್ತಂತೆ. ಪೇಟೆಯಲ್ಲಿ ಆ ಮೀನಿಗೆ ಒಳ್ಳೆಯ ಬೆಲೆಯೂ ಬಂತು.

ಎಡವಟ್ಟಾದದ್ದು ಸಂಘದ ಮುಖಂಡರನ್ನು ಆರಿಸುವ ದಿನ. ಅಲ್ಲಿಯವರೆಗೆ ಕೆಲಸ ನೋಡಿಕೊಂಡಿದ್ದವಳು ಎಸ್ನಾತ್ ಎಂಬ ಹಿರಿಯ ಹೆಂಗಸು. ಜಲಜಕ್ಕ ಎದ್ದು ಎಸ್ನಾತಳ ಹೆಸರು ಸೂಚಿಸಿ, ಪಕ್ಕದವಳಿಂದ ಅನುಮೋದನೆ ಹೇಳಿಸಿ, ತಾವೇ ಚಪ್ಪಾಳೆ ಶುರುಮಾಡಿದರು. ಯಾರೂ ಕೈ ಸೇರಿಸಲಿಲ್ಲ. “ಓಟು ಯಾವಾಗ?” ಎಂದು ಒಬ್ಬಳು ಕೇಳಿದಳು. ಆಮೇಲೆ ಅವರೇ ಒಂದು ಬಟ್ಟೆ ಕಟ್ಟಿ, ಅದರ ಹಿಂದೆ ಎಡಕ್ಕೆ ಎಸ್ನಾತಳದು, ಬಲಕ್ಕೆ ಅವಳ ಎದುರು ನಿಂತ ಇನ್ನೊಬ್ಬಳದು ಎಂದು ಒಂದೇ ಥರದ ಎರಡು ಮಡಕೆ ಇಟ್ಟು, ಒಬ್ಬೊಬ್ಬರಾಗಿ ಹೋಗಿ ಕಾಳು ಹಾಕಿ ಬಂದರು. ಎಸ್ನಾತ್ ಸೋತಳು. ಸೋತವಳು ನಕ್ಕು, ಗೆದ್ದವಳ ಬೆನ್ನು ತಟ್ಟಿ, ಬುಟ್ಟಿ ಎತ್ತಿಕೊಂಡು ಮೀನಿನ ಕಡೆ ನಡೆದಳು.

ಸಂಜೆ ದಡದಲ್ಲಿ ಕೂತಾಗ ಎಸ್ನಾತ್ ದುಭಾಷಿಯ ಮೂಲಕ ಕೇಳಿದಳು: “ನೀವು ನಿಮ್ಮ ಊರಿನಲ್ಲಿ ಯಾರನ್ನು ಸೋಲಿಸಿ ಅಧ್ಯಕ್ಷರಾದಿರಿ?”

“ಯಾರನ್ನೂ ಇಲ್ಲ. ನನ್ನ ಎದುರು ಯಾರೂ ನಿಲ್ಲುವುದೇ ಇಲ್ಲ,” ಎಂದರು ಜಲಜಕ್ಕ, ಹೆಮ್ಮೆಯಿಂದ.

ಎಸ್ನಾತ್ ಅವರ ಕೈ ಹಿಡಿದುಕೊಂಡಳು. “ಅಯ್ಯೋ ಪಾಪ. ನಿಮ್ಮ ಸಂಘ ಯಾರಿಗೂ ಬೇಡವೇ?”

ಸುತ್ತ ಕೂತವರೆಲ್ಲ ಲೊಚಗುಟ್ಟಿದರು. ಒಬ್ಬಳಂತೂ ಮರುಕ ತಡೆಯಲಾರದೆ ತನ್ನ ಪಾಲಿನ ಒಣಮೀನನ್ನು ಜಲಜಕ್ಕನ ಮಡಿಲಿಗೆ ಹಾಕಿದಳು.

ಬಜಪೆಯ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಜಲಜಕ್ಕ ಮಾತಾಡಲಿಲ್ಲ. ಮೋಹನದಾಸರಿಗೆ ಗಾಬರಿಯಾಯಿತು. “ಎಂತ ಆಯ್ತು? ಹುಷಾರಿಲ್ವಾ?”

“ನನಗೆ ಒಬ್ಬ ಎದುರಾಳಿ ಬೇಕು.”

“ಮನೆಯಲ್ಲಿ ನಾನಿದ್ದೇನಲ್ಲ.”

“ನೀವು ಯಾವಾಗ ಗೆದ್ದದ್ದುಂಟು? ಗೆಲ್ಲುವ ಹಾಗಿರುವವರು ಬೇಕು.”

ಮಹಾಸಭೆ ಹತ್ತಿರದಲ್ಲೇ ಇತ್ತು. ಜಲಜಕ್ಕ ಕೊಡೆ ಹಿಡಿದು ಮನೆಮನೆಗೆ ಹೊರಟರು. ಜನ ತಮಗೆ ಓಟು ಹಾಕಿ ಎಂದು ಕೇಳಿಕೊಂಡು ಬರುವುದನ್ನು ದೇರೆಬೈಲು ಕಂಡಿತ್ತು. ತನ್ನ ವಿರುದ್ಧ ನಿಲ್ಲಿ ಎಂದು ಬೇಡಿಕೊಂಡು ಬಂದವರನ್ನು ಕಂಡದ್ದು ಆಗಲೇ. ಹಪ್ಪಳ ವಿಭಾಗದ ನಿರೀಕ್ಷಾ ಅಳುವುದೊಂದು ಬಾಕಿ. “ಅಕ್ಕ, ನಾನು ಎಂತ ತಪ್ಪು ಮಾಡಿದೆ? ಮೊನ್ನೆ ಹಪ್ಪಳಕ್ಕೆ ಉಪ್ಪು ಹೆಚ್ಚಾದದ್ದಕ್ಕಾ?” ಇನ್ನೊಬ್ಬರು ಬಾಗಿಲಲ್ಲೇ ಕೈ ಮುಗಿದು “ಬೊಡ್ಚಿ ಅಕ್ಕ, ಬೇಡವೇ ಬೇಡ” ಎಂದರು. ಮತ್ತೊಬ್ಬರು ಮನೆಯಲ್ಲಿದ್ದೂ ಇಲ್ಲವೆಂದು ಹೇಳಿಸಿದರು. ಹೇಳಿಸುವ ದನಿ ಅವರದೇ ಆಗಿತ್ತು.

ಕೊನೆಗೆ ಉಳಿದವರು ಸಂಘದ ಕಾರ್ಯದರ್ಶಿ ರೊಸಾಲಿನ್ ರೇಗೊ. ಬಹಳ ಕಾಲ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು ಬಂದವರು. ಸಣ್ಣ ದೇಹ, ಕಡಿಮೆ ಮಾತು. ಜಲಜಕ್ಕನ ಬಿನ್ನಹ ಕೇಳಿ ಅವರು ಬೂತಾಯಿ ಮೀನು ಕೊಯ್ಯುವುದನ್ನು ನಿಲ್ಲಿಸಿದರು.

“ನಿಲ್ತೇನೆ ಜಲಜಕ್ಕ. ಆದ್ರೆ ಒಂದು ಮಾತು. ಸೋಲ್ಲಿಕ್ಕೆ ಅಂತ ನಾನು ನಿಲ್ಲುದಿಲ್ಲ.”

“ಅದೇ ಬೇಕಾದ್ದು ನನಗೆ!” ಎಂದು ಜಲಜಕ್ಕ ಜೋರಾಗಿ ನಕ್ಕರು. ಗೇಟು ದಾಟುವಾಗ ನಗು ಅರ್ಧಕ್ಕೆ ಇಳಿದಿತ್ತು. ರಸ್ತೆ ಮುಟ್ಟುವಾಗ ಪೂರ್ತಿ ನಿಂತಿತ್ತು. ಅಧ್ಯಕ್ಷತೆ ಹೋದರೆ ತಾನು ಬೆಳಿಗ್ಗೆ ಎದ್ದು ಯಾವ ಕಡೆ ಕೊಡೆ ತೋರಿಸುವುದು ಎಂಬ ಯೋಚನೆ ಅವರಿಗೆ ಬಂದದ್ದು ಆಗಲೇ ಇರಬೇಕು.

ಅದರ ಮೇಲೆ ಶೆರ್ವಿನ್ ಬಂದು ಇನ್ನೊಂದು ಸುದ್ದಿ ಹೇಳಿದ. ಮಲಾವಿಯ ಕೆಲಸದ ಎರಡನೇ ಸುತ್ತಿಗೂ ದೇರೆಬೈಲಿನಿಂದಲೇ ಒಬ್ಬರು ಹೋಗಬೇಕು. ಟ್ರಸ್ಟಿನ ನಿಯಮದಂತೆ, ಆಗ ಸಂಘದ ಅಧ್ಯಕ್ಷರಾಗಿರುವವರು. ಜಲಜಕ್ಕನಿಗೆ ಆ ಬೆಳ್ಳಿಯ ಬೆಳಗುಗಳು ಕಣ್ಣ ಮುಂದೆ ಬಂದವು.

ರೊಸಾಲಿನ್ ಪ್ರಚಾರವೆಂದು ಹೆಚ್ಚೇನೂ ಮಾಡಲಿಲ್ಲ. ಒಂದೊಂದು ಮನೆಗೆ ಹೋಗಿ ಹೆಂಗಸರ ಮಂಡಿ ಒತ್ತಿ ನೋಡಿದರು. “ಇಲ್ಲಿ ನೋಯ್ತದಾ? ಏಳುವಾಗ ಗೋಡೆ ಹಿಡಿಯುವುದುಂಟಾ? ನಾನು ಬಂದ್ರೆ ನೆಲದಲ್ಲಿ ಕೂತು ಲಟ್ಟಿಸುದು ಬೇಡ. ಉದ್ದದ ಮೇಜು ಹಾಕಿಸ್ತೇನೆ.” ಅಷ್ಟೇ. ಹಪ್ಪಳ ನೆಲದಲ್ಲಿ ಕೂತು ಮಾಡಿದರೇ ಚಂದ ಎಂಬುದು ಜಲಜಕ್ಕನ ಹಳೆಯ ನಂಬಿಕೆ. ಮಂಡಿಯ ಸುದ್ದಿ ಕಿವಿಗೆ ಬಿದ್ದಾಗ ಅವರು ಕಸಿವಿಸಿಗೊಂಡರು.

“ಮೀನನ್ನು ಸೊಂಟದಷ್ಟು ಮೇಲೆತ್ತಿ ಬಂದವಳಿಗೆ ಹಪ್ಪಳ ಎತ್ಲಿಕ್ಕೆ ನೆನಪಾಗ್ಲಿಲ್ವಾ?” ಎಂದು ಮೋಹನದಾಸರು ಕೇಳಿದರು. ಆ ದಿನ ಅವರಿಗೆ ಊಟಕ್ಕೆ ಬಡಿಸಿದ್ದು ಬರೀ ತಿಳಿಸಾರು.

ಮಹಾಸಭೆಯ ದಿನ ಸಂಘದ ಹಾಲ್ ತುಂಬಿತ್ತು. ಚುನಾವಣೆ ಹೇಗಿರುತ್ತದೆಂದು ನೋಡಲು, ವರ್ಷಗಳಿಂದ ಮುಖ ತೋರಿಸದ ಸದಸ್ಯರೂ ಬಂದಿದ್ದರು. ಚುನಾವಣಾಧಿಕಾರಿ ಶೆರ್ವಿನ್. ಮಲಾವಿಯ ಕ್ರಮದಂತೆಯೇ ಆಗಲಿ ಎಂದು ಜಲಜಕ್ಕ ಹೇಳಿದ್ದರಿಂದ ಮೂಲೆಯಲ್ಲಿ ಸೀರೆಯ ಪರದೆ ಕಟ್ಟಿದ್ದರು. ಕಾಳಿನ ಬದಲು ಚೆನ್ನೆಮಣೆ ಆಟದ ಮಂಜೊಟ್ಟಿ ಬೀಜ, ಒಬ್ಬೊಬ್ಬರಿಗೆ ಒಂದೊಂದು. ಪಾತ್ರೆ ಮಾತ್ರ ಇಬ್ಬರೂ ತಮ್ಮ ತಮ್ಮ ಮನೆಯಿಂದ ತಂದಿದ್ದರು, ಯಾವುದು ಯಾರದೆಂದು ಯಾರಿಗೂ ಗೊಂದಲವಾಗಬಾರದಲ್ಲ. ರೊಸಾಲಿನ್ ತಂದದ್ದು ಮೀನು ಸಾರಿನ ಮಣ್ಣಿನ ಪಾತ್ರೆ. ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಜಲಜಕ್ಕ ಬಿಡುತ್ತಾರೆಯೇ? ಹೋಟೆಲಿನಿಂದ ಹೊಳೆಯುವ ದೊಡ್ಡ ಸ್ಟೀಲ್ ಪಾತ್ರೆ ತರಿಸಿದ್ದರು.

ಮೊದಲನೆಯವರು ಪರದೆಯ ಹಿಂದೆ ಹೋದರು.

ಠಣ್!

ದೇವಸ್ಥಾನದ ಗಂಟೆಯಷ್ಟೇ ಸ್ಪಷ್ಟ. ಹಾಲ್‌ನಲ್ಲಿದ್ದವರೆಲ್ಲ ಜಲಜಕ್ಕನನ್ನು ನೋಡಿ ಮುಗುಳ್ನಕ್ಕರು. ಎರಡನೆಯವರು, ಠಣ್. ಮೂರನೆಯವರು, ಠಣ್. ಜಲಜಕ್ಕನ ಬೆನ್ನು ಕುರ್ಚಿಯಲ್ಲಿ ನೆಟ್ಟಗಾಯಿತು. ನಿರೀಕ್ಷಾ ಒಳಗೆ ಹೋದಳು. ತುಂಬ ಹೊತ್ತು ಸದ್ದಿಲ್ಲ. ಆಮೇಲೆ ಠಣ್. ಹೊರಗೆ ಬಂದವಳು ರೊಸಾಲಿನ್ ಕೂತ ಕಡೆ ತಿರುಗಲೇ ಇಲ್ಲ. ಅವಳ ಹಿಂದೆ ಹೋದದ್ದು ಮಂಡಿನೋವಿನ ದುಗ್ಗಮ್ಮಜ್ಜಿ. ಒಳಗಿನಿಂದ ಒಂದು ಕೆಮ್ಮು ಬಂತು. ಎಂಥ ಕೆಮ್ಮು! ಕಿಟಕಿಯ ಪಾರಿವಾಳ ಹಾರಿಹೋಗುವಂಥದ್ದು. ಠಣ್ ಮಾತ್ರ ಕೇಳಿಸಲಿಲ್ಲ. ಅಜ್ಜಿ ಏನೂ ಆಗದವರಂತೆ ಹೊರಗೆ ಬಂದರು. ಮುಂದೆ ಹೋದವರಿಗೂ ಕೆಮ್ಮು ಹತ್ತಿತು. ಅವರ ನಂತರದವರಿಗೆ ಸೀನು.

ರೊಸಾಲಿನ್ ಮೆಲ್ಲಗೆ “ಸಾಯ್ಬಾ!” ಎಂದು ದೇವರನ್ನು ಕರೆದು ತಲೆ ತಗ್ಗಿಸಿದರು. ನಗುತ್ತಿದ್ದರೋ ಪ್ರಾರ್ಥಿಸುತ್ತಿದ್ದರೋ ತಿಳಿಯಲಿಲ್ಲ.

ಜಲಜಕ್ಕನಿಗೆ ಎಲ್ಲ ಅರ್ಥವಾಗಿತ್ತು. ಮಣ್ಣಿನ ಪಾತ್ರೆಗೆ ಹಾಕಿದರೆ ಠಣ್ ಇಲ್ಲ, ಅದನ್ನು ಮುಚ್ಚಲು ಕೆಮ್ಮಬೇಕು. ಎಲ್ಲರಿಗೂ ಕೆಮ್ಮುವ ಧೈರ್ಯವಿರುವುದಿಲ್ಲ. ತಾನು ಸುಮ್ಮನೆ ಕೂತರೆ ಸಾಕು, ಸ್ಟೀಲ್ ಪಾತ್ರೆಯೇ ತನ್ನನ್ನು ಗೆಲ್ಲಿಸುತ್ತದೆ. ಕುರ್ಚಿ ಉಳಿಯುತ್ತದೆ, ಸರೋವರವೂ. ಅವರು ಎರಡು ಠಣ್‌ಗಳಷ್ಟು ಹೊತ್ತು ಹಾಗೆಯೇ ಕೂತರು. ನಂತರ ಎದ್ದರು.

“ಶೆರ್ವಿನ್, ನಿಲ್ಸು. ಎಲ್ಲ ಬೀಜ ಹೊರಗೆ ಸುರಿ.”

“ಎಂತ ಆಂಟಿ, ಅರ್ಧ ಆಗಿದೆ…”

“ಅಲ್ಲಿ ಎರಡೂ ಮಡಕೆ ಒಂದೇ ನಮೂನೆ ಇತ್ತು ಮಾರಾಯ. ನಾನು ಕಣ್ಣಲ್ಲಿ ನೋಡಿದ್ದು, ತಲೆಗೆ ಹೋಗ್ಲಿಲ್ಲ.” ಅಡುಗೆ ಕೋಣೆಯಿಂದ ಎರಡು ದಪ್ಪ ಟವೆಲ್ ತಂದು, ಎರಡು ಪಾತ್ರೆಗಳ ತಳಕ್ಕೂ ತಾವೇ ಹಾಸಿದರು. ಒಂದೊಂದು ಬೀಜ ಹಾಕಿ ಕಿವಿಗೊಟ್ಟು ನೋಡಿದರು. ಸದ್ದಿಲ್ಲ. “ಈಗ ಮೊದಲಿನಿಂದ ಹಾಕಿ. ಯಾರೂ ಕೆಮ್ಮುದು ಬೇಡ. ನಿಜವಾಗಿ ಕೆಮ್ಮು ಇದ್ದವರು ಬಿಸಿನೀರು ಕುಡೀರಿ.”

ಎರಡನೇ ಸಲ ಹಾಲ್ ಎಷ್ಟು ಮೌನವಾಗಿತ್ತೆಂದರೆ, ಸೀರೆಯ ಪರದೆ ಗಾಳಿಗೆ ಅಲುಗುವುದೂ ಕೇಳುತ್ತಿತ್ತು. ನಿರೀಕ್ಷಾ ಈ ಸಲ ಒಳಗೆ ಹೋದವಳು ಕೂಡಲೇ ಹೊರಗೆ ಬಂದಳು.

ಶೆರ್ವಿನ್ ಎಣಿಸಿದ. ರೊಸಾಲಿನ್‌ಗೆ ನಾಲ್ಕು ಬೀಜ ಹೆಚ್ಚು.

“ಇನ್ನೊಮ್ಮೆ ಎಣಿಸು,” ಎಂದರು ಜಲಜಕ್ಕ. ಇನ್ನೊಮ್ಮೆ ಎಣಿಸಿದ. ನಾಲ್ಕೇ. ಎಸ್ನಾತಳ ಹಾಗೆ ನಗಲು ಅವರು ತುಂಬ ಪ್ರಯತ್ನಪಟ್ಟರು. ತುಟಿ ಒಂದು ಕಡೆ ಮಾತ್ರ ಹೋಯಿತು. ರೊಸಾಲಿನ್‌ರ ಬೆನ್ನು ತಟ್ಟಿದರು, ಗೋಳಿಬಜೆ ತಿನ್ನದೆ ಮನೆಗೆ ಹೋದರು.

ಕೆಲವು ದಿನ ಅವರು ಸಂಘದ ಕಡೆ ಸುಳಿಯಲಿಲ್ಲ. ಮೋಹನದಾಸರೂ ತಮಾಷೆ ಬಿಟ್ಟರು. ಮೆಣಸು ತರಿಸುವುದು, ಅಕ್ಕಿ ತರಿಸುವುದು ಎಂದು ಹೋಟೆಲಿನ ಸಣ್ಣಪುಟ್ಟ ವಿಷಯ ತಂದು “ಇದಕ್ಕೆ ಎಂತ ಮಾಡುದು?” ಎಂದು ಹೆಂಡತಿಯನ್ನು ಕೇಳುತ್ತಿದ್ದರು. “ನಿಮಗೆ ಸರಿ ಕಂಡ ಹಾಗೆ ಮಾಡಿ” ಎಂಬ ಉತ್ತರ ಬಂದಾಗ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ನಾಳೆ ಹೊಸ ಅಧ್ಯಕ್ಷರ ಮೊದಲ ಸಭೆ ಎಂದು ನಿರೀಕ್ಷಾ ಬಂದು ಹೇಳಿಹೋದಾಗಲೂ ಜಲಜಕ್ಕ ಅಕ್ಕಿ ಆರಿಸುತ್ತಲೇ ಇದ್ದರು.

ಆದರೂ ಬಂದರು, ಸ್ವಲ್ಪ ತಡವಾಗಿ. ಕಾಲು ತಾನಾಗಿಯೇ ವೇದಿಕೆಯ ಕಡೆ ಹೋಯಿತು. ರೊಸಾಲಿನ್ ಗಡಬಡಿಸಿ ಎದ್ದರು. “ಬನ್ನಿ ಜಲಜಕ್ಕ, ಇಲ್ಲೇ ಕೂತ್ಕೊಳ್ಳಿ.”

“ನೀವು ಎದ್ರೆ ಪುನಃ ಚುನಾವಣೆ ಮಾಡ್ಬೇಕಾದೀತು. ಕೂತ್ಕೊಳ್ಳಿ ನೀವು,” ಎಂದು ಜಲಜಕ್ಕ ತಿರುಗಿದರು. ಖಾಲಿ ಇದ್ದದ್ದು ಕೊನೆಯ ಸಾಲಿನಲ್ಲಿ, ನಿರೀಕ್ಷಾಳ ಪಕ್ಕದ ಕುರ್ಚಿ ಒಂದೇ.

ರೊಸಾಲಿನ್ ಮಾತು ಶುರುಮಾಡಿದರು. ಮೇಜಿನ ವಿಷಯವೋ ಮಲಾವಿಯ ವಿಷಯವೋ, ತಲೆಯ ಮೇಲಿನ ಫ್ಯಾನು ಗರಗರ ಎನ್ನುವುದರಲ್ಲಿ ಒಂದಕ್ಷರ ಕಿವಿಗೆ ಬೀಳಲಿಲ್ಲ. ಜಲಜಕ್ಕ ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಗ್ಗಿದರು. “ಎಂತ ಹೇಳ್ತಿದ್ದಾರೆ?”

“ಗೊತ್ತಿಲ್ಲ ಅಕ್ಕ. ಇಲ್ಲಿಗೆ ಎಂತ ಕೇಳುದಿಲ್ಲ.”

“ಇವತ್ತಾ?”

“ಯಾವಾಗ್ಲೂ.”

“ನಾನು ಮಾತಾಡುವಾಗ?”

ನಿರೀಕ್ಷಾ ಒಂದು ಗಳಿಗೆ ಯೋಚಿಸಿದಳು. “ಆಗಲೂ ಇಲ್ಲ. ಮುಂದಿನವರು ಚಪ್ಪಾಳೆ ಹೊಡೆದ್ರೆ ನಾವೂ ಹೊಡೆಯುದು.”

“ಹೇಳ್ಬೇಕಲ್ವಾ ಮಾರಾಯ್ತಿ, ಇಷ್ಟು ವರ್ಷ!”

“ಯಾರಿಗೆ ಹೇಳುದು ಅಕ್ಕ?”

ಜಲಜಕ್ಕ ಕುರ್ಚಿಗೆ ಒರಗಿದರು. ಅಲ್ಲಿಂದ ವೇದಿಕೆ ಎಷ್ಟು ದೂರ, ಅದರ ಮೇಲೆ ಕೂತವರು ಎಷ್ಟು ಸಣ್ಣಕ್ಕೆ ಕಾಣುತ್ತಾರೆ ಎಂದು ನೋಡುತ್ತಿದ್ದಂತೆ ಇತ್ತು. ಆಮೇಲೆ ಸೆರಗು ಬಿಗಿದು ಎದ್ದು ನಿಂತರು.

“ಅಧ್ಯಕ್ಷರೇ! ಈ ಫ್ಯಾನು ಬಂದ್ ಮಾಡಿಸಿ. ಹಿಂದಿನ ಸಾಲಿಗೆ ಎಂತ ಕೇಳ್ತಾ ಇಲ್ಲ!”

ಇಡೀ ಹಾಲ್ ತಿರುಗಿ ನೋಡಿತು. ಫ್ಯಾನು ನಿಂತಿತು. ರೊಸಾಲಿನ್ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಎಲ್ಲಿಂದ ಹೇಳ್ಲಿ ಜಲಜಕ್ಕ?”

“ಎಲ್ಲಿಂದ ಅಂತ ನಮಗೆ ಹೇಗೆ ಗೊತ್ತು? ಮೊದಲಿನಿಂದ ಹೇಳಿ,” ಎಂದು ಜಲಜಕ್ಕ ಕೂತರು. ನಿರೀಕ್ಷಾ ತನ್ನ ಕುರ್ಚಿಯನ್ನು ಅವರ ಕಡೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.