ಐತವಾರವೇ ಹೊರಟುಹೋದ ಫೈಲು

ಪ್ರವೇಶಾತಿ ಮೇಜಿನ ಹಿಂದೆ ಕೂತವರಿಗೆ ವಾಸನೆಗಳ ಪರಿಚಯ ಚೆನ್ನಾಗಿ ಆಗಿಬಿಡುತ್ತದೆ. ಹೊಸ ಲ್ಯಾಮಿನೇಷನ್ನಿನ ವಾಸನೆ, ಈಗಷ್ಟೇ ಹೊರಬಿದ್ದ ಜೆರಾಕ್ಸಿನ ಬಿಸಿ ವಾಸನೆ, ಬಸ್ಸಿನಲ್ಲಿ ನಿಂತೇ ಬಂದವರ ಬೆವರಿನ ವಾಸನೆ. ಇವತ್ತು ಮಧ್ಯಾಹ್ನ ದೇವದುರ್ಗದ ಒಬ್ಬ ಹುಡುಗಿ ತನ್ನ ಪ್ಲಾಸ್ಟಿಕ್ ಫೈಲಿನ ಗುಂಡಿ ಬಿಚ್ಚಿ ನನ್ನ ಮುಂದಿಟ್ಟಾಗ ಮಾತ್ರ ಅರಿಶಿನದ ವಾಸನೆ ಬಂತು. ನಾನು ಬೆಳಗಿನಿಂದ ಎಪ್ಪತ್ತು ಫೈಲು ನೋಡಿ ತಲೆ ಕೆಟ್ಟು ಕೂತಿದ್ದೆ. ಆದರೂ ಮೂಗು ಎದ್ದು ಕೂತಿತು.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪಾಠ ಮಾಡುತ್ತೇನೆ ಎನ್ನುವುದು ಸೆಮಿಸ್ಟರ್ ನಡುವಿನ ಮಾತು. ಸೆಮಿಸ್ಟರ್ ಶುರುವಾಗುವ ಮುಂಚಿನ ಒಂದು ತಿಂಗಳು ನಾನು ಗುಮಾಸ್ತೆ, ಟಪಾಲಿನವಳು, ಅಳುವವರಿಗೆ ನೀರು ಕೊಡುವವಳು, ಸರ್ವರ್ ಬಂತೇ ಬಂತೇ ಎಂದು ಪರದೆಯನ್ನು ದಿಟ್ಟಿಸುವವಳು. ಈ ಸಲ ತರಗತಿ ಶುರುವಾಗುವ ದಿನ ಮೂರು ಬಾರಿ ಮುಂದೆ ಹೋಗಿದೆ. ಪ್ರತಿ ಸಲವೂ ಒಂದು ಸುತ್ತೋಲೆ, ಪ್ರತಿ ಸುತ್ತೋಲೆಗೂ ಒಂದು ತಿದ್ದುಪಡಿ. ಪಂಚಾಂಗ ನೋಡುವವರಾದರೂ ಒಮ್ಮೆ ಹೇಳಿದ ಗಳಿಗೆಗೆ ಅಂಟಿಕೊಂಡಿರುತ್ತಾರೆ ಎಂದು ಸಹೋದ್ಯೋಗಿಗಳ ಮುಂದೆ ಗೊಣಗಿದೆ. ಗೊಣಗಿದ ಮೇಲೆ ನನ್ನ ಆಯಿ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಪಂಚಾಂಗದ ಪರವಾಗಿ ಮಾತಾಡುವ ಹಕ್ಕನ್ನು ನಾನು ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟುಕೊಟ್ಟವಳು. ಹೇಗೆ ಎನ್ನುವುದನ್ನು ಹೇಳುತ್ತೇನೆ, ನಿಮಗೂ ಸ್ವಲ್ಪ ಸಿಟ್ಟು ಬರಲಿ.

ಆಯಿ ಎಂದರೆ ಅಪ್ಪನ ಅವ್ವ. ಆಗ ನಮ್ಮ ಮನೆ ಮಾನ್ವಿಯಲ್ಲಿತ್ತು. ಅಪ್ಪ ರೈಸ್‌ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಬೌದ್ಧ ದೀಕ್ಷೆ ತೆಗೆದುಕೊಂಡು ಗೋಡೆಯಿಂದ ಉಳಿದ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟವೊಂದನ್ನೇ ಉಳಿಸಿದ್ದ. "ವಾರ ಏಳೂ ಒಂದ. ಮಿಲ್ಲಿನ್ಯಾಗ ಮಂಗಳಾರ ಚೀಲ ಹಗುರ ಆಗತಾವೇನು?" ಎಂದು ಕೇಳುತ್ತಿದ್ದ. ಆಯಿ ಬುದ್ಧನಿಗೂ ಕೈ ಮುಗಿಯುತ್ತಿದ್ದಳು, ವಾರವನ್ನೂ ಬಿಡುತ್ತಿರಲಿಲ್ಲ. ಜೀವನಪೂರ್ತಿ ಮಂದಿಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ಬಾಗಿದ ಬೆನ್ನು. ಆ ಬೆನ್ನು ನೆಟ್ಟಗಾಗುತ್ತಿದ್ದುದು ವಾದ ಮಾಡುವಾಗ ಮಾತ್ರ. ವಾದದಲ್ಲಿ ಅಪ್ಪ ಒಮ್ಮೆಯೂ ಗೆದ್ದದ್ದನ್ನು ನಾನು ನೋಡಿಲ್ಲ.

ನನಗೆ ರಾಯಚೂರಿನ ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಸಿಕ್ಕಿತ್ತು ಎಂದರೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಮೂಲ ಕಾಗದಪತ್ರ ತೋರಿಸಲು ಕಡೆಯ ದಿನ ಮಂಗಳವಾರ, ಸಂಜೆ ನಾಲ್ಕು ಗಂಟೆ. ತಪ್ಪಿದರೆ ಸೀಟು ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವರು ಯಾರೂ ಇರಲಿಲ್ಲ. ಆ ವರ್ಷ ತಪ್ಪಿದ್ದರೆ ಮುಂದಿನ ವರ್ಷ ನನ್ನನ್ನು ಮದುವೆಯ ಚಪ್ಪರದ ಕೆಳಗೆ ಕೂಡಿಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಹುಡುಗನನ್ನು ಆಗಲೇ ನೋಡಿಟ್ಟಿದ್ದರು.

ಮಂಗಳವಾರ ಮನೆ ಬಿಟ್ಟು ಹೋಗಬಾರದು ಎಂದು ಆಯಿ ಪಟ್ಟು ಹಿಡಿದಳು. ಹೋಗಲೇಬೇಕು ಎಂದು ಅಪ್ಪ. ಇಂಥ ಪೇಚಿಗೆಂದೇ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ, ನಿಮಗೆ ಗೊತ್ತಿರಬಹುದು. ಅದರ ಹೆಸರು ಪರಸ್ಥಾನ. ಹೊರಡುವ ದಿನ ಕೆಟ್ಟದ್ದಾದರೆ, ಅದಕ್ಕೂ ಮುಂಚಿನ ಒಳ್ಳೆಯ ದಿನ ನೋಡಿ ಹೊರಡುವವರ ಒಂದು ವಸ್ತುವನ್ನು ನೆರೆಮನೆಯಲ್ಲಿ ಇಟ್ಟುಬಿಡುವುದು. ವಸ್ತು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ಯಾವ ದಿನವಾದರೂ ಹೋಗಿ, ದಾರಿಯಲ್ಲಿ ಅದನ್ನು ಎತ್ತಿಕೊಂಡರಾಯಿತು. ಒಂದೇ ಷರತ್ತು, ಹೊರಬಿದ್ದ ವಸ್ತು ಕೆಲಸ ಮುಗಿಯುವ ತನಕ ಹೊಳ್ಳಿ ಮನೆಯೊಳಗೆ ಬರಬಾರದು. ಅಪ್ಪ ನಕ್ಕು ಸುಮ್ಮನಾದ. ನಾನು ಒಂದು ಹಳೆಯ ಓಢಣಿ ಕೊಟ್ಟೆ. ಐತವಾರ ಬೆಳಿಗ್ಗೆ ಆಯಿ ಅದನ್ನು ಗಂಟು ಕಟ್ಟಿಕೊಂಡು ಪಕ್ಕದ ಮನೆಯ ಖಾಸಿಂಬಿಯ ಹತ್ತಿರ ಕೊಟ್ಟುಬಂದಳು. ಖಾಸಿಂಬಿ ಕೌದಿ ಹೊಲಿಯುವವಳು, ಆಯಿಗೆ ಎಲೆ ಅಡಿಕೆಯ ಜೊತೆಗಾತಿ.

ಮಂಗಳವಾರ ಮುಂಜಾನೆ ಆರು ಗಂಟೆಗೆ ಟ್ರಂಕು ತುಂಬಿ, ಜಡೆ ಹೆಣೆದುಕೊಂಡು, ಗೋಡೆಯ ಗೂಡಿಗೆ ಕೈ ಹಾಕಿದರೆ ಕಾಗದಪತ್ರದ ಫೈಲು ಇಲ್ಲ. ಅವ್ವ ಹಾಸಿಗೆ ಝಾಡಿಸಿದಳು. ಅಪ್ಪ ಟ್ರಂಕನ್ನು ಬೋರಲು ಹಾಕಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಹಾಗೆ ನಾನು ನನ್ನ ಕಂಕುಳನ್ನೂ ಒಮ್ಮೆ ನೋಡಿಕೊಂಡೆ. ಇಷ್ಟೆಲ್ಲ ಆಗುವಾಗ ಆಯಿ ಒಲೆಯ ಮುಂದೆ ಕೂತು ನನ್ನ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಕಡೆಗೆ ಕೇಳಿದಳು.

"ಏನ್ ಹುಡುಕಾಕತ್ತೀರಿ?"

"ನನ್ನ ಫೈಲು, ಆಯಿ."

"ಅದು ಮನ್ಯಾಗ ಎಲ್ಲದ? ಐತವಾರನ ಹೊಂಟು ಹೋಗ್ಯಾದಲ್ಲ."

"ಎಲ್ಲಿಗಿ?"

"ರಾಯಚೂರಿಗಿ. ಮತ್ತೆಲ್ಲಿಗಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಓಢಣಿಯ ಜೊತೆ ಫೈಲನ್ನೂ ಗಂಟಿನಲ್ಲಿ ಕಟ್ಟಿ ಕೊಟ್ಟುಬಂದಿದ್ದಳು. ಅಪ್ಪ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಆಯಿ ಮಾತ್ರ ರೊಟ್ಟಿ ಮಗುಚುತ್ತ ತನ್ನ ಲೆಕ್ಕ ಬಿಡಿಸಿ ಹೇಳಿದಳು. "ಕಾಗದ ನೋಡಿ ಸೀಟು ಕೊಡತಾರಂತ ನೀನ ಹೇಳಿದಿ. ನಿನ್ನ ಮಾರಿ ನೋಡಿ ಕೊಡಂಗಿಲ್ಲಲ್ಲ. ಮತ್ತ ದಿನ ನೋಡಬೇಕಾದ್ದು ಕಾಗದಕ್ಕೋ, ನಿನ್ನ ಓಢಣಿಗೋ?"

ಆಗ ನಾನು ಒಂದು ಮಾತು ಅಂದೆ. "ನಿನಗ ಓದಾಕ ಬರಂಗಿಲ್ಲ, ಬರಿಯಾಕ ಬರಂಗಿಲ್ಲ. ನಿನಗ್ಯಾಕ ಬೇಕಿತ್ತು ಕಾಗದದ ಉಸಾಬರಿ?" ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಆಯಿ ಸಿಟ್ಟಾಗಲಿಲ್ಲ. "ಓದಾಕ ಬರಂಗಿಲ್ಲವ್ವ. ಯಾವುದು ಬೇಕು, ಯಾವುದು ಬ್ಯಾಡ ಗೊತ್ತಾಗಲಿಲ್ಲ. ಅದಕ್ಕ ಎಲ್ಲಾ ಕಟ್ಟೀನಿ" ಅಂದಳು.

ಪಕ್ಕದ ಮನೆಗೆ ಓಡಿದರೆ ಬಾಗಿಲಿಗೆ ಬೀಗ. ಬಾಗಲವಾಡದಲ್ಲಿದ್ದ ಖಾಸಿಂಬಿಯ ಮಗಳಿಗೆ ಹೆರಿಗೆಯಾಗಿ, ಸುದ್ದಿ ಬಂದ ಕೂಡಲೇ ಸೋಮವಾರ ಮಧ್ಯಾಹ್ನ ಹೊರಟುಹೋಗಿದ್ದಳು. ಗಂಡನಿಲ್ಲದ ಒಂಟಿ ಹೆಂಗಸು, ಬೀಗದ ಕೈ ಸೊಂಟದಲ್ಲಿ. ಅಪ್ಪ ಅತ್ತಿತ್ತ ನೋಡಿ ಒಂದು ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಆಯಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಖಾಸಿಂಬಿಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಯವ್ವಾ, ಏಳು. ನಾಕಕ್ಕ ಬಾಗಲಾ ಮುಚ್ಚತಾರ ಅಲ್ಲಿ."

"ಮುಚ್ಚಲಿ. ಒಂಟಿ ಹೆಂಗಸಿನ ಬೀಗ ಒಡದು ತಂದ ಕಾಗದ ಯಾರ ಮುಂದ ಇಡತಿ?"

ಅಪ್ಪ ಕಲ್ಲನ್ನು ಕೆಳಗೆ ಹಾಕಿದ. ಹಾಕಿದ ರಭಸಕ್ಕೆ ಅದು ಅವನ ಕಾಲಬೆರಳಿನ ಮೇಲೇ ಬಿತ್ತು. ಅವತ್ತು ಇಡೀ ದಿನ ಅವನು ಕುಂಟಿದ. ಅಂಥ ಹೊತ್ತಿನಲ್ಲಿ ನಗು ಬರಬಾರದು, ನನಗೆ ಅಳುವಿನ ನಡುವೆ ಅದೂ ಬಂತು.

ಟ್ರಂಕು ಮನೆಯಲ್ಲೇ ಬಿಟ್ಟು, ಬೀಗದ ಕೈ ಕೇಳಲು ಅಪ್ಪ ಮಗಳು ಬಾಗಲವಾಡದ ಟಂಟಂ ಹತ್ತಿದೆವು. ಟಂಟಂ ಅಂದರೆ ಮೂರು ಗಾಲಿಯ ಮೇಲೆ ಹದಿನಾಲ್ಕು ಮಂದಿ. ಅದನ್ನು ಓಡಿಸುವವನು ಹದಿನೈದನೆಯವರಿಗಾಗಿ ಪ್ರತಿ ಕ್ರಾಸಿನಲ್ಲೂ ಕಾದ. ಎಡಬಲಕ್ಕೆ ಭತ್ತದ ಗದ್ದೆ, ಕಾಲುವೆಯ ನೀರು, ಎಷ್ಟು ಚೆಂದವಿತ್ತೋ ಏನೋ. ನನಗೆ ಕಂಡದ್ದು ಎದುರಿನ ಸೀಟಿನವನ ಕೈಗಡಿಯಾರ ಒಂದೇ. ಅಪ್ಪ ದಾರಿಯುದ್ದಕ್ಕೂ ಆಯಿಯನ್ನು ಬೈದ. ನಾನು ಅಪ್ಪನನ್ನು ಬೈದೆ, ಐತವಾರ ನಕ್ಕು ಸುಮ್ಮನಾದದ್ದಕ್ಕೆ. ಟಂಟಂನವರು ನಮ್ಮಿಬ್ಬರಲ್ಲಿ ಯಾರದು ತಪ್ಪು ಎಂದು ಎರಡು ಪಕ್ಷವಾದರು.

ಬಾಗಲವಾಡದಲ್ಲಿ ಮನೆ ಹುಡುಕಿ ಹೋದಾಗ ಹತ್ತು ಗಂಟೆ ಮೀರಿತ್ತು. ಖಾಸಿಂಬಿ ಅಂಗಳದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಮ್ಮ ಮುಖ ನೋಡಿ ಅವಳೇ ಗಾಬರಿಯಾದಳು. ಅಪ್ಪ ಬೀಗದ ಕೈ ಕೇಳಿದ.

"ಬೀಗದ ಕೈ ಯಾಕ್ರೀ ಅಣ್ಣಾ? ನಿಮ್ಮ ಗಂಟು ಇಲ್ಲೇ ಅದ."

ಅದನ್ನು ಇಲ್ಲಿಗೇಕೆ ತಂದೆ ಎಂದು ಅಪ್ಪ ಕೇಳಿದ.

"ಮಂದಿ ನಂಬಿ ಇಟ್ಟ ಅಮಾನತ್ ಅಲ್ಲೇನ್ರೀ ಅದು? ಬೀಗಕ್ಕೇನ್ ಗೊತ್ತಾಗತದ. ಮನ್ಯಾಗ ಇಲಿ ಅದಾವು, ಮಾಳಗಿ ಸೋರತದ. ನನ್ನ ಹಂತ್ಯಾಕ ಕೊಟ್ಟ ಮ್ಯಾಲ ನಾ ಎಲ್ಲಿರತೀನಿ, ಅದೂ ಅಲ್ಲೇ ಇರಬೇಕು. ತೊಡಿ ಮ್ಯಾಲ ಇಟಗೊಂಡು ಬಂದೀನಿ. ಒಳಗ ಜ್ವಾಳದ ಡಬ್ಬಿ ಮ್ಯಾಲ ಅದ ನೋಡವ್ವ, ನೀನ ತಗೋ. ನನ್ನ ಕೈ ಎಣ್ಣಿ ಆಗ್ಯಾವ."

ಒಳಗೆ ಹೋದೆ. ಡಬ್ಬಿಯ ಮೇಲೆ, ಹೊಲಿಗೆ ಮುಗಿಯದ ಕೌದಿಯಲ್ಲಿ ಸುತ್ತಿದ ಗಂಟು. ಎದೆಗೆ ಅವುಚಿಕೊಂಡು ಹೊರಗೆ ಬಂದರೆ ಖಾಸಿಂಬಿ ಕೂಸಿನ ಮೂಗು ತೀಡುತ್ತಲೇ ಹೇಳಿದಳು. "ಒಮ್ಮಿನೂ ನೆಲಕ್ಕ ಇಟ್ಟಿಲ್ಲ ಅಂತ ನಿಮ್ಮ ಆಯಿಗಿ ಹೇಳವ್ವ."

ಸಿಕ್ಕ ಬಸ್ಸು ಹಿಡಿದು ರಾಯಚೂರಿನ ಕಡೆ ಹೊರಟೆವು. ದಾರಿಯಲ್ಲಿ ಅಪ್ಪ "ಆ ಬೀಗ ಒಡದಿದ್ದರ" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ. ಒಡೆದಿದ್ದರೆ ಒಳಗೆ ಏನೂ ಇರುತ್ತಿರಲಿಲ್ಲ. ಗಂಟಿಗಾಗಿ ಖಾಲಿ ಮನೆಯನ್ನೆಲ್ಲ ಜಾಲಾಡಿ, ಖಾಸಿಂಬಿಯನ್ನು ಕಳ್ಳಿ ಎಂದುಕೊಂಡು ಕೂತಿರುತ್ತಿದ್ದೆವು.

ಮೂರೂಕಾಲಿಗೆ ಕಚೇರಿ ಮುಟ್ಟಿದೆವು. ಮೇಜಿನ ಹಿಂದಿದ್ದ ಗುಮಾಸ್ತರು ಫೈಲು ಬಿಚ್ಚಿದರೆ ಆಯಿ ಶಾಸ್ತ್ರಕ್ಕೆಂದು ಇಟ್ಟಿದ್ದ ಒಂದು ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು, ಎರಡು ಅಡಿಕೆ ಮೇಜಿನ ತುಂಬ ಉರುಳಿದವು. "ಅಕ್ಕಿಕಾಳು ಹಾಕಾಕ ಇದೇನು ಮದುವಿ ಚಪ್ಪರ ಅಂತ ತಿಳಿದೀಯೇನವ್ವ?" ಎಂದು ಕನ್ನಡಕ ಸರಿಸಿ ನೋಡಿದರು. ಆಮೇಲೆ ಹೊರಬಿದ್ದವು ಕರೆಂಟು ಬಿಲ್ಲು, ನನ್ನ ತಮ್ಮನ ಲಸಿಕೆ ಕಾರ್ಡು, ಅಪ್ಪನ ಓಟಿನ ಚೀಟಿ, ರೇಷನ್ ಕಾರ್ಡು. ನಾನು ನಾಚಿಕೆಯಿಂದ ಅವನ್ನೆಲ್ಲ ಬಾಚಿಕೊಳ್ಳುತ್ತಿದ್ದಾಗ ಅವರು ಕೈ ಅಡ್ಡ ಹಿಡಿದರು. "ರೇಷನ್ ಕಾರ್ಡು ಇರಲಿ. ಹಾಸ್ಟೆಲ್ಲಿಗೆ ಅದೇ ಬೇಕಾಗೋದು. ಬೆಳಗಿನಿಂದ ಇದನ್ನ ತಂದವರು ನೀವೊಬ್ಬರ ನೋಡ್ರಿ."

ನನ್ನ ಜೀವನದಲ್ಲಿ ಅತಿ ಹೆಚ್ಚು ಸಿಟ್ಟು ತರಿಸಿದ ಸಂಗತಿ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಮುದುಕಿ ತಪ್ಪು ಮಾಡಿದ್ದಳು, ಇಡೀ ದಿನ ನಮ್ಮನ್ನು ಅರೆದಿದ್ದಳು, ಅಷ್ಟಾಗಿಯೂ ಗೆದ್ದಿದ್ದಳು. ಅಪ್ಪ ಕುಂಟುಗಾಲಿನಲ್ಲಿ ನಿಂತು ಚಾವಣಿ ನೋಡುತ್ತಿದ್ದ.

ತಿಂಗಳ ಮೇಲೆ ಹಾಸ್ಟೆಲ್ಲಿನಿಂದ ಮಾನ್ವಿಗೆ ಹೋದಾಗ ಆಯಿ ನನ್ನನ್ನು ಹೇಗಿದ್ದೀ ಎಂದು ಕೇಳಲಿಲ್ಲ. "ಕಾಗದ ನೆಟ್ಟಗ ಮುಟ್ಟಿತೇನು?" ಎಂದು ಕೇಳಿದಳು. ಮುಟ್ಟಿತು ಎಂದೆ. ಖಾಸಿಂಬಿ ಹೇಳಿದ ಮಾತನ್ನು ಹೇಳಿದೆ. ನಾನಂದ ಮಾತಿಗೆ ತಪ್ಪಾಯಿತು ಎನ್ನಬೇಕೆಂದುಕೊಂಡೇ ಹೋಗಿದ್ದೆ, ಅದೊಂದನ್ನು ಹೇಳಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎನ್ನುತ್ತ ಎರಡು ವರ್ಷ ತಳ್ಳಿದೆ. ಆಮೇಲೆ ಆಯಿ ಇರಲಿಲ್ಲ. ನನ್ನ ಅಂಕಪಟ್ಟಿಯ ಮೇಲೆ ಒಂದು ಹಳದಿ ಕಲೆ ಉಳಿದಿದೆ. ಪ್ರತಿ ಸಂದರ್ಶನದಲ್ಲೂ ಯಾರಾದರೊಬ್ಬರು ಅದನ್ನು ಉಗುರಿನಿಂದ ಕೆರೆದು ನೋಡುತ್ತಾರೆ.

ಇವತ್ತಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಫೈಲಿನಲ್ಲಿ ಆದಾಯ ಪ್ರಮಾಣಪತ್ರ ಹಳೆಯದಾಗಿತ್ತು. ಹೊಸದು ತರಲು ದೇವದುರ್ಗಕ್ಕೆ ಹೋಗಿ ಬರಬೇಕು, ನಾಳೆಯೇ ಕಡೆಯ ದಿನ. ನಾನು ಬೆಳಗಿನಿಂದ ಎಲ್ಲರ ಮೇಲೂ ರೇಗಿದ ದನಿಯಲ್ಲೇ ಅವಳ ಮೇಲೂ ರೇಗಿ ಫೈಲು ವಾಪಸು ಕೊಟ್ಟೆ. ಅವಳು ಕೈ ಚಾಚಲಿಲ್ಲ.

"ಇದು ಇಲ್ಲೇ ಇರಲಿ ರೀ ಮೇಡಂ. ಹೊರಗ ಬಿದ್ದ ಕಾಗದ ಕೆಲಸ ಆಗೋತನ ಹೊಳ್ಳಿ ಮನಿಗಿ ತರಬ್ಯಾಡ ಅಂತ ನಮ್ಮ ಆಯಿ ಹೇಳ್ಯಾಳ."

"ಎಂ.ಎ. ಮಾಡಾಕ ಬಂದೀಯವ್ವ, ಇನ್ನೂ ಇಂಥಾದ್ದು ನಂಬತೀಯೇನು?"

"ನಾ ನಂಬಂಗಿಲ್ರೀ. ಆಕಿ ನಂಬತಾಳ" ಎಂದಳು. ಮೂಲ ಕಾಗದಗಳನ್ನೆಲ್ಲ ಗುರುತು ಪರಿಚಯವಿಲ್ಲದ ನನ್ನ ಮೇಜಿನ ಮೇಲೆ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.

ಸಂಜೆ ಐದಕ್ಕೆ ಬೀರು ಮುಚ್ಚುವಾಗ ನಮ್ಮ ಕಾಲೇಜಿನ ಗುಮಾಸ್ತರು ಕೈ ಚಾಚಿದರು. "ಕೊಡ್ರಿ ಮೇಡಂ, ಒಳಗ ಹಾಕಿ ಬೀಗ ಹಾಕತೀನಿ. ನಾಳಿ ನಾ ಮುಂಜಾನಿ ಸ್ವಲ್ಪ ತಡಾ ಬರ್ತೀನಿ, ಹನ್ನೊಂದಾದರೂ ಆಗಬಹುದು."

ಕೊಡಲು ಕೈ ಮುಂದೆ ಹೋದದ್ದು ನಿಜ. ನಿಯಮವೂ ಅದೇ. ಆಮೇಲೆ ಫೈಲನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಸಿಟಿ ಬಸ್ಸಿನಲ್ಲಿ ಬ್ಯಾಗನ್ನು ಕಾಲ ಬಳಿ ಇಡಲು ಹೋಗಿ, ಬೇಡವೆನಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

ಈಗ ಅದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮುಚ್ಚಳದ ಮೇಲಿದೆ. ನನ್ನ ಗಂಡ ಊಟಕ್ಕೆ ಅಕ್ಕಿ ತೆಗೆಯಲು ಹೋಗಿ, ಇದು ಯಾರದು, ಕೆಳಗಿಡಲೇ ಎಂದು ಕೇಳಿದರು. ಇಡಬೇಡಿ, ಇವತ್ತು ಚಪಾತಿ ಮಾಡೋಣ ಎಂದೆ. ನಾಳೆ ಗುಮಾಸ್ತರಿಗಿಂತ ಮುಂಚೆ ಹೋಗಿ ಮೇಜಿನ ಹತ್ತಿರ ಕೂರಬೇಕು. ಹುಡುಗಿ ಬಂದರೆ ಆದಾಯ ಪ್ರಮಾಣಪತ್ರದ ದಿನಾಂಕ ನೋಡಬೇಕು, ತಪ್ಪಿದ್ದರೆ ಮತ್ತೆ ರೇಗಬೇಕು. ಎಲ್ಲ ಸರಿಯಿದ್ದು ಸೀಟು ಅವಳ ಹೆಸರಿಗಾದ ಮೇಲೆ, ಒಮ್ಮೆಯೂ ನೆಲಕ್ಕಿಟ್ಟಿಲ್ಲ ಅಂತ ನಿಮ್ಮ ಆಯಿಗೆ ಹೇಳು ಎನ್ನಬೇಕು.